ಕ್ರ್ಯಾಂಕ್ ತುದಿಗೆ ಸುತ್ತಿಗೆ ಬೀಳದಿರಲಿ

ಈ ಮಳೆಗಾಲದಲ್ಲಿ ನಾನು ಬಿಚ್ಚಿ ನೋಡಿದ ಮೂರು ಎಂಜಿನ್‌ಗಳ ಕಥೆ ಒಂದೇ. ಹೊಸ ರಾಡ್ ಕಿಟ್ ಹಾಕಿಸಿ ತಿಂಗಳು ತುಂಬಿಲ್ಲ, ಮತ್ತೆ ಗುಂಯ್ ಎನ್ನುವ ಸದ್ದು. ಹ್ಯಾಂಡಲ್ ಹಿಡಿದ ಕೈ ಜುಮುಜುಮು. ಮೂರು ಕ್ರ್ಯಾಂಕ್‌ಗಳ ತುದಿಯಲ್ಲೂ ಸುತ್ತಿಗೆ ಏಟಿಗೆ ಅರಳಿದ ಥ್ರೆಡ್. ಕಿಟ್ ಒಳ್ಳೆಯದೇ ಇತ್ತು, ಲೇತ್ ಕೆಲಸವೂ ಸರಿಯಾಗಿತ್ತು. ಕೆಟ್ಟದ್ದು ಮನೆಯಲ್ಲಿ ಜೋಡಿಸುವಾಗ.

ಕಮಲಾಪುರದ ಕಡೆ ಕೆಂಪು ಬಾಳೆಗೊನೆ ಹೇರುವ, ಕಲಬುರಗಿ ಓಣಿಗಳಲ್ಲಿ ಹಾಲು, ತರಕಾರಿ ಸಾಗಿಸುವ ಹಳೆಯ ಟೂ-ಸ್ಟ್ರೋಕ್ ಟಿವಿಎಸ್ ಎಕ್ಸ್‌ಎಲ್ ಗಾಡಿಗಳನ್ನು ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಆರ್‌ಎಕ್ಸ್ 100 ಇದ್ದವರಿಗೂ, ತೊಗರಿಗೆ ಔಷಧ ಹೊಡೆಯುವ ಪವರ್ ಸ್ಪ್ರೇಯರ್ ಇದ್ದವರಿಗೂ ಮೂಲ ಪಾಠ ಇದೇ. ಈಗಿನ ಎಕ್ಸ್‌ಎಲ್ 100 ಫೋರ್-ಸ್ಟ್ರೋಕ್, ಅದರ ದಾರಿ ಬೇರೆ.

ಈ ಕ್ರ್ಯಾಂಕ್ ಒಂದೇ ತುಂಡಲ್ಲ. ಎರಡು ದಪ್ಪ ಉಕ್ಕಿನ ಬಿಲ್ಲೆಗಳು, ನಡುವೆ ಒಂದು ಪಿನ್, ಪಿನ್ ಮೇಲೆ ಸೂಜಿ ಬೇರಿಂಗ್, ಅದರ ಮೇಲೆ ಕನೆಕ್ಟಿಂಗ್ ರಾಡ್. ಪಿನ್, ಬೇರಿಂಗ್, ರಾಡ್ ಸೇರಿದ್ದೇ ರಾಡ್ ಕಿಟ್. ಬಿಲ್ಲೆಯ ತೂತಿಗಿಂತ ಪಿನ್ ಕೂದಲೆಳೆಯಷ್ಟು ದಪ್ಪ. ಟನ್‌ಗಟ್ಟಲೆ ಒತ್ತಡದಲ್ಲಿ ಪ್ರೆಸ್ ಮಾಡಿ ಕೂಡಿಸಿರುತ್ತಾರೆ. ಬೋಲ್ಟ್ ಇಲ್ಲ, ಕೀಲಿ ಇಲ್ಲ, ಬರೀ ಬಿಗಿತ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ಹೆಡ್, ಬ್ಲಾಕ್, ಪಿಸ್ಟನ್ ತೆಗೆಯಿರಿ. ಸರ್ಕ್ಲಿಪ್ ಬಿಚ್ಚುವ ಮೊದಲು ಕೆಳಗಿನ ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕಿ. ಈಗ ರಾಡನ್ನು ನೇರ ಮೇಲಕ್ಕೂ ಕೆಳಕ್ಕೂ ಎಳೆದು ಒತ್ತಿ. ಕಟಕ್ ಎಂದು ಆಟ ಕೊಟ್ಟರೆ ಕಿಟ್ ಮುಗಿದಂತೆ. ಅಕ್ಕಪಕ್ಕ ಸರಿದಾಡುವುದು ಸಹಜ, ಅದು ಇರಲೇಬೇಕು. ಆ ಸರಿದಾಟವನ್ನೇ ಸವೆತ ಎಂದುಕೊಂಡು ಚೆನ್ನಾಗಿದ್ದ ಕ್ರ್ಯಾಂಕ್ ಬಿಚ್ಚಿಸಿದವರನ್ನು ನೋಡಿದ್ದೇನೆ.

ಮ್ಯಾಗ್ನೆಟ್ ತೆಗೆಯಲು ಪುಲ್ಲರ್ ಬೇಕೇ ಬೇಕು. ಅದಿಲ್ಲದೆ ಕೆಲಸ ಶುರು ಮಾಡಬೇಡಿ. ಕ್ಲಚ್ ಬಿಚ್ಚಿ, ಕೇಸಿನ ಬೋಲ್ಟ್‌ಗಳನ್ನು ಒಂದು ರಟ್ಟಿನ ಮೇಲೆ ಅವುಗಳ ಜಾಗದಲ್ಲೇ ಚುಚ್ಚಿಡಿ. ಕೇಸನ್ನು ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಮುಖಕ್ಕೆ ಗೀರು ಬಿದ್ದು ಗಾಳಿ ಒಳಗೆ ಎಳೆಯುತ್ತದೆ, ಪಿಸ್ಟನ್ ಸೀಜ್ ಆಗುತ್ತದೆ.

ಕ್ರ್ಯಾಂಕ್ ಕೈಗೆ ಬಂದ ಮೇಲೆ, ಎರಡು ಬಿಲ್ಲೆಗಳ ಹೊರಮೈಯಿಂದ ಹೊರಮೈಗೆ ವರ್ನಿಯರ್ ಹಿಡಿದು ಅಗಲ ಅಳೆದು ಬರೆದಿಡಿ. ವಾಪಸು ಬಂದಾಗಲೂ ಅದೇ ಅಗಲ ಇರಬೇಕು. ಪಿನ್ ಬಿಚ್ಚಿ ಕೂಡಿಸುವ ಕೆಲಸವನ್ನು ಮನೆಯಲ್ಲಿ ಮಾಡಬೇಡಿ. ಬೆಂಚ್ ವೈಸ್ ಸಾಲದು, ಕಾರಿನ ಜಾಕ್ ಅಪಾಯ. ಹೈಡ್ರಾಲಿಕ್ ಪ್ರೆಸ್ ಮತ್ತು ಡಯಲ್ ಗೇಜ್ ಎರಡೂ ಇರುವ ಲೇತ್ ಅಂಗಡಿಗೇ ಕೊಡಿ. ಪ್ರೆಸ್ ಮಾತ್ರ ಇದ್ದು ಗೇಜ್ ಇಲ್ಲದಿದ್ದರೆ ಎದ್ದು ಬನ್ನಿ. ತರಲು ಹೋದಾಗ ಎರಡೂ ಕಡೆ ಬೇರಿಂಗ್ ಕೂರುವ ಜಾಗಕ್ಕೆ ಗೇಜ್ ಇಟ್ಟು, ಕ್ರ್ಯಾಂಕ್ ತಿರುಗಿಸಿ ಮುಳ್ಳು ತೋರಿಸಲು ಕೇಳಿ. ಇಂಥ ಎಂಜಿನ್‌ಗಳಲ್ಲಿ ಓಲಾಟ ಸಾಮಾನ್ಯವಾಗಿ 0.03 ಮಿ.ಮೀ. ಒಳಗಿರಬೇಕು. ಒಳ್ಳೆಯ ಮಿಸ್ತ್ರಿ ಇದನ್ನು ಕೇಳಿದರೆ ಸಿಟ್ಟಾಗುವುದಿಲ್ಲ, ಖುಷಿಯಿಂದ ತೋರಿಸುತ್ತಾರೆ. ಪಿನ್ ತೂತು ಸಡಿಲವಾಗಿದೆ, ವೆಲ್ಡಿಂಗ್ ಹೊಡೆದು ಕೊಡುತ್ತೇವೆ ಎಂದರೆ ಒಪ್ಪಬೇಡಿ. ಆ ಬಿಲ್ಲೆ ಗುಜರಿಗೆ ಹೋಗಲಿ.

ಈಗ ಆ ಸುತ್ತಿಗೆಯ ವಿಷಯ. ಲೇತ್‌ನವರು ಕ್ರ್ಯಾಂಕ್ ನೇರ ಮಾಡುವುದನ್ನು ನಿಂತು ನೋಡಿದ್ದೀರಾ? ಗೇಜ್ ನೋಡುತ್ತಾರೆ, ಬಿಲ್ಲೆಯ ಅಂಚಿಗೆ ತಾಮ್ರದ ಸುತ್ತಿಗೆಯಿಂದ ಒಂದೇ ಏಟು ಕೊಡುತ್ತಾರೆ, ಮತ್ತೆ ಗೇಜ್ ನೋಡುತ್ತಾರೆ. ಮುಳ್ಳು ಸರಿದಿರುತ್ತದೆ. ಅಷ್ಟೇ ಏಟಿಗೆ ಸರಿಯಾಗುವ ವಸ್ತು ಅಷ್ಟೇ ಏಟಿಗೆ ಕೆಡುತ್ತದೆ. ಮನೆಗೆ ತಂದು, ಬೇರಿಂಗ್ ಒಳಗೆ ಇಳಿಯಲಿಲ್ಲವೆಂದು ಶಾಫ್ಟಿನ ತುದಿಗೆ ಹೊಡೆದರೆ ಆ ಪೆಟ್ಟು ಬಿಲ್ಲೆಯ ಮೂಲಕ ಪಿನ್‌ಗೆ ಹೋಗುತ್ತದೆ. ಎರಡು ಬಿಲ್ಲೆಗಳು ಒಂದು ಕಡೆ ಹತ್ತಿರವಾಗಿ ಇನ್ನೊಂದು ಕಡೆ ಬಾಯಿ ಬಿಡುತ್ತವೆ. ಕಣ್ಣಿಗೆ ಏನೂ ಕಾಣುವುದಿಲ್ಲ. "ಎರಡು ಏಟು ಹಾಕ್ರಿ, ಕುಂದರ್ತದ" ಎಂದು ಪಕ್ಕದಲ್ಲಿ ನಿಂತವರು ಹೇಳುತ್ತಾರೆ. ಕೂರುವುದೇನೋ ಹೌದು, ಆದರೆ ಸೊಟ್ಟಗೆ. ಮರದ ತುಂಡು ಅಡ್ಡ ಇಟ್ಟು ಹೊಡೆದರೆ ಥ್ರೆಡ್ ಉಳಿಯಬಹುದು, ಕ್ರ್ಯಾಂಕ್ ಉಳಿಯುವುದಿಲ್ಲ.

ಹಾಗಾದರೆ ಇಳಿಸುವುದು ಹೇಗೆ? ಬಿಸಿ ಮತ್ತು ತಂಪಿನಿಂದ. ಕೇಸ್ ಅಲ್ಯೂಮಿನಿಯಂನದು, ಬಿಸಿಯಾದಾಗ ಅದು ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಕ್ರ್ಯಾಂಕ್‌ಗೆ ತೆಳುವಾಗಿ ಎಣ್ಣೆ ಸವರಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಕೇಸನ್ನು ಸೋಪಿನ ನೀರಲ್ಲಿ ತೊಳೆದು, ಪೆಟ್ರೋಲ್ ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಲ್ಲಿ ಒಣಗಿಸಿ. ನಮ್ಮ ಬಿಸಿಲಿಗೆ ಅರ್ಧ ದಿನ ಸಾಕು. ಬೆಂಕಿಯ ಒಲೆ ಬೇಡ, ಅಂಗಳದಲ್ಲಿ ಕರೆಂಟ್ ಒಲೆ ಇಟ್ಟು, ಅದರ ಮೇಲೆ ಹಳೆಯ ರೊಟ್ಟಿ ಹಂಚಿಟ್ಟು ಕೇಸಿನ ಅರ್ಧ ಭಾಗವನ್ನು ನಿಧಾನ ಕಾಯಿಸಿ. ಆ ಹಂಚಿನ ಮೇಲೆ ಮುಂದೆ ರೊಟ್ಟಿ ಬೇಯಿಸಕೂಡದು. ಕೇಸಿನ ಮೇಲೆ ಚಿಮುಕಿಸಿದ ನೀರಿನ ಹನಿ ಚುಂಯ್ ಎಂದರೆ ಸುಮಾರು 100 ಡಿಗ್ರಿ ಆಯಿತು. ಅದಕ್ಕಿಂತ ಹೆಚ್ಚು ಬೇಡ. ದಪ್ಪ ಕೈಗವಸು ಹಾಕಿಕೊಳ್ಳಿ. ಹೊಸ ಬೇರಿಂಗ್ ತನ್ನ ಭಾರಕ್ಕೇ ಟಕ್ ಎಂದು ಕೂರುತ್ತದೆ. ಬೇರಿಂಗ್ ಕೊಳ್ಳುವಾಗ ಅದರ ಮೇಲೆ ಸಿ3 ಎಂದು ಬರೆದಿದೆಯೇ ನೋಡಿ, ಒಳಗೆ ತುಸು ಹೆಚ್ಚು ಸಡಿಲ ಬಿಟ್ಟಿದ್ದಾರೆ ಎಂಬ ಗುರುತು ಅದು.

ಮತ್ತೊಮ್ಮೆ ಕಾಯಿಸಿ, ಬೇರಿಂಗ್‌ಗೂ ಬಿಸಿ ಹತ್ತಿದ ಮೇಲೆ ಫ್ರೀಜರ್‌ನಿಂದ ಕ್ರ್ಯಾಂಕ್ ತೆಗೆದು, ಹಿಮದ ತೇವ ಒರೆಸಿ, ನೆಟ್ಟಗೆ ಇಳಿಬಿಡಿ. ಓರೆ ಹಿಡಿದರೆ ನಡುವೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡರೆ ಹೊಡೆಯಬೇಡಿ. ಬೇರಿಂಗ್‌ನ ಒಳರಿಂಗಿಗೆ ಆನುವ ಒಂದು ಪೈಪ್ ತುಂಡು, ವಾಷರ್ ಮತ್ತು ಶಾಫ್ಟಿನದೇ ನಟ್ ಹಾಕಿ ನಿಧಾನ ಬಿಗಿಯುತ್ತ ಎಳೆದುಕೊಳ್ಳಿ. ಹೀಗೆ ಎಳೆದಾಗ ಪೆಟ್ಟೂ ಇಲ್ಲ, ಪಿನ್‌ಗೆ ಭಾರವೂ ಇಲ್ಲ. ಈ ಪೈಪ್ ತುಂಡಿಗೆ ಖರ್ಚು ಏನೂ ಇಲ್ಲ, ನನ್ನ ಪೆಟ್ಟಿಗೆಯಲ್ಲಿ ನಾಲ್ಕು ಅಳತೆಯವು ಇವೆ. ಇನ್ನೊಂದು ಅರ್ಧವನ್ನೂ ಕಾಯಿಸಿ, ಹೊಸ ಗ್ಯಾಸ್ಕೆಟ್ ಇಟ್ಟು ಮೇಲೆ ಕೂರಿಸಿ. ಕೇಸಿನ ಬೋಲ್ಟ್‌ಗಳ ಬಲದಿಂದ ಎಳೆದು ಕೂರಿಸುವುದು ಸುತ್ತಿಗೆಯಷ್ಟೇ ಕೆಟ್ಟದ್ದು. ಎಲ್ಲ ತಣಿದ ಮೇಲೆ ಬೆರಳಲ್ಲಿ ತಿರುಗಿಸಿ, ನುಣ್ಣಗೆ ತಿರುಗಬೇಕು. ಬಿಗಿ ಎನಿಸಿದರೆ ಬೋಲ್ಟ್ ಸಡಿಲಿಸಿ ಮತ್ತೆ ಕಾಯಿಸಿ.

ಉಳಿದದ್ದು ಚುಟುಕಾಗಿ. ಆಯಿಲ್ ಸೀಲ್ ಎರಡೂ ಹೊಸದು, ಕೇಸ್ ತಣಿದ ಮೇಲೆಯೇ ಹಾಕಿ. ರಾಡಿನ ಎರಡೂ ಬೇರಿಂಗ್‌ಗೆ ಟೂ-ಟಿ ಆಯಿಲ್ ಬಿಟ್ಟು ಪಿಸ್ಟನ್ ಜೋಡಿಸಿ, ಸರ್ಕ್ಲಿಪ್ ಹೊಸದೇ ಇರಲಿ. ಮೊದಲ ಒಂದೆರಡು ಟ್ಯಾಂಕ್ ಖಾಲಿಯಾಗುವವರೆಗೆ ಹೇರು ಬೇಡ, ಪೂರ್ತಿ ಥ್ರಾಟಲ್ ಬೇಡ. ಪೆಟ್ರೋಲಿಗೆ ಬೆರೆಸುವ ಟೂ-ಟಿ ಆಯಿಲ್ ಲೀಟರ್‌ಗೆ 20 ಮಿ.ಲೀ. ಎಂದರೆ 50ಕ್ಕೆ 1. ನಿಮ್ಮ ಗಾಡಿಯ ಪುಸ್ತಕದಲ್ಲಿ ಎಷ್ಟಿದೆಯೋ ಅಷ್ಟನ್ನು ಅಳತೆ ಲೋಟದಲ್ಲೇ ಹಾಕಿ, ಕಣ್ಣಂದಾಜು ಬೇಡ. ಕಮಲಾಪುರದ ಕೆಮ್ಮಣ್ಣಿನ ಧೂಳು ತುಂಬಿದ ಏರ್ ಫಿಲ್ಟರ್ ಬದಲಿಸದೆ ಹೊಸದಾಗಿ ಜೋಡಿಸಿದ ಕ್ರ್ಯಾಂಕ್ ಇರುವ ಗಾಡಿಗೆ ಕಿಕ್ ಹೊಡೆಯಬೇಡಿ.