ಮಿನೆಸ್ತ್ರ ಎಂಬ ಪದದ ಅರ್ಥವಿಚಾರ

ಇಟಾಲಿಯನ್ ಭಾಷೆಯಲ್ಲಿ ಮಿನೆಸ್ತ್ರ ಎಂಬ ಪದವೊಂದುಂಟು. ಕಾಯಿಪಲ್ಯ, ಕಾಳು, ಅಕ್ಕಿ ಮೊದಲಾದವುಗಳನ್ನು ಬೇಯಿಸಿ ಊಟದ ಆರಂಭದಲ್ಲಿ ಬಡಿಸುವ ಗಟ್ಟಿಸಾರಿಗೆ ಈ ಹೆಸರು. ನಿಘಂಟಿನಲ್ಲಿ ‘ಸಾರು’ ಎಂದು ಕಂಡೊಡನೆ ಪುಸ್ತಕವನ್ನು ಮುಚ್ಚುವವರು ಇದರ ಅರ್ಧವನ್ನೂ ಅರಿಯರು. ಹೇಗಂದರೆ, 1891ರಲ್ಲಿ ಫ್ಲಾರೆನ್ಸಿನಲ್ಲಿ ಪ್ರಕಟವಾದ ಪೆಲ್ಲೆಗ್ರೀನೋ ಅರ್ತೂಸಿಯವರ ಪಾಕಗ್ರಂಥದಲ್ಲಿ ರಸವುಳ್ಳ ಮಿನೆಸ್ತ್ರಗಳಲ್ಲದೆ, ಮ್ಯಾಕರೋನಿ ಮುಂತಾದ ‘ಒಣ’ ಮಿನೆಸ್ತ್ರಗಳೂ ಇರುತ್ತವೆ. ರಸವೇ ಇಲ್ಲದ್ದು ಸಾರಾಗುವದು ಹೇಗೆ?

ಪದದ ಮೂಲವೇ ಇದಕ್ಕೆ ಉತ್ತರ ಕೊಡುತ್ತದೆ. ಲ್ಯಾಟಿನಿನ ಮಿನಿಸ್ತ್ರಾರೆ ಎಂಬ ಧಾತುವಿಗೆ ಸೇವೆಮಾಡು, ಬಡಿಸು ಎಂದರ್ಥ. ಬಡಿಸಲ್ಪಟ್ಟದ್ದೇ ಮಿನೆಸ್ತ್ರ, ಸೇವಕನು ಮಿನಿಸ್ತೆರ್. ಈ ಮಾತು ‘ಕಡಿಮೆ’ ಎಂಬರ್ಥದ ಪದದಿಂದ ಹುಟ್ಟಿದ್ದು. ‘ಹೆಚ್ಚು’ ಎಂಬುದರಿಂದ ಹುಟ್ಟಿದ ಮಗಿಸ್ತೆರ್ ಎಂಬವನು ಒಡೆಯನು, ಗುರುವು. ಇಂಗ್ಲಿಷಿನ ಮಾಸ್ಟರ್, ಮಿಸ್ಟ್ರೆಸ್ ಪದಗಳು ಇವನ ಸಂತತಿ. ಹೆಡ್‌ಮಿಸ್ಟ್ರೆಸ್ ಎನಿಸಿಕೊಳ್ಳುವ ನಾವು ಹೀಗೆ ದೊಡ್ಡವರ ಸಾಲಿನಲ್ಲಿ ಕುಳಿತೆವು, ಸೌಟು ಹಿಡಿದಾಕೆ ಚಿಕ್ಕವರ ಸಾಲಿನಲ್ಲಿ ನಿಂತಳು! ಆದರೆ ರಾಜ್ಯವಾಳುವ ಮಿನಿಸ್ಟರನ ಬಿರುದು ಬಂದದ್ದು ಆಕೆಯ ಸಾಲಿನಿಂದಲೇ. ಪದವಿಗೇರಿದವರು ಇದನ್ನು ನೆನೆಯುವದು ಅಪರೂಪ. “ಯಾವ ಕೆಲಸದಲ್ಲಿಯೂ ಇಲ್ಲ, ಮನೆಯಲ್ಲಿ ಸುಮ್ಮನಿದ್ದೇನೆ” ಎಂದು ನಮಗೆ ಸಂಕೋಚದಿಂದ ಕಾಗದ ಬರೆಯುವ ಹಳೆಯ ವಿದ್ಯಾರ್ಥಿನಿಯರಾದರೂ ನೆನೆಯಲಿ. ದಿನವೂ ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವದು ಸುಮ್ಮನಿರುವದೆಂದು ನಾವು ಒಪ್ಪೆವು.

ಆಡುಮಾತಿನಲ್ಲಿ ಮಾತ್ರ ಈ ಸಾರಿಗೆ ಅಷ್ಟು ಮರ್ಯಾದೆಯಿಲ್ಲ. ಬೇಸರ ಹುಟ್ಟಿಸುವ ಹಳೆಯ ಸಂಗತಿಯು ‘ಅದೇ ಮಿನೆಸ್ತ್ರ’. ಮುರಿದ ಪ್ರೇಮವನ್ನು ಪುನಃ ಕೂಡಿಸಹೊರಟರೆ ಅದು ‘ಮತ್ತೆ ಕಾಯಿಸಿದ ಮಿನೆಸ್ತ್ರ’. ಬಿಸಿಯೇನೋ ಆದೀತು, ಮೊದಲಿನ ರುಚಿ ಬಾರದು. ‘ಈ ಮಿನೆಸ್ತ್ರವನ್ನು ತಿನ್ನು, ಇಲ್ಲವೇ ಕಿಟಕಿಯಿಂದ ಹಾರು’ ಎಂಬ ಗಾದೆಯೂ ಉಂಟು. ಎದುರಿಗಿಟ್ಟದ್ದನ್ನು ಒಪ್ಪುವದಲ್ಲದೆ ಬೇರೆ ಗತಿಯಿಲ್ಲವೆಂದು ತಾತ್ಪರ್ಯ. ಕಿಟಕಿಯೇ ಏಕೆಂದರೆ, ಅವರ ಭಾಷೆಯಲ್ಲಿ ಕಿಟಕಿಗೆ ಫಿನೆಸ್ತ್ರ ಎನ್ನುತ್ತಾರೆ. ಪ್ರಾಸವೇ ಪಾಪ ಅವನನ್ನು ಅಲ್ಲಿಗೆ ನೂಕಿತು.

ಇದೇ ಪದಕ್ಕೆ ದೊಡ್ಡದೆಂಬ ಪ್ರತ್ಯಯ ಸೇರಿದರೆ ಮಿನೆಸ್ತ್ರೋನೆ, ಅಂದರೆ ಹಲವು ತರಕಾರಿಗಳು ಕೂಡಿದ ಸಾರು. ಹೊಂದಿಕೆಯಿಲ್ಲದ ವಿಷಯಗಳನ್ನು ಒಟ್ಟಿಗೆ ತುರುಕಿದ ಬರಹಕ್ಕೂ ಭಾಷಣಕ್ಕೂ ಇಟಲಿಯವರು ಇದೇ ಹೆಸರನ್ನು ಕೊಡುತ್ತಾರೆ. ಈ ಅರ್ಥವನ್ನು ಕನ್ನಡಿಸಲು ನಿಘಂಟಿನ ಹಂಗು ಬೇಡ. ಅಡಿಗೆಮನೆಯಿಂದಲೇ ಹೊರಟ ನಮ್ಮ ‘ಕಲಸುಮೇಲೋಗರ’ವು ಸಿದ್ಧವಾಗಿದೆ.