ಹಳೆಯ ಮರದ ಸಾಮಾನುಗಳನ್ನು ಮನೆಯಲ್ಲಿಯೇ ದುರಸ್ತು ಮಾಡಿ ಮೆರುಗು ಕೊಡುವ ಕ್ರಮ

1809 ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ದಂಡು ನೆಲೆಗೊಂಡ ತರುವಾಯ ಅಲ್ಲಿನ ಬಂಗಲೆಗಳಿಗೆ ತೇಗ, ಬೀಟೆ ಮೊದಲಾದ ಮರಗಳ ಮೇಜು ಕುರ್ಚಿಗಳು ಬೇಕಾದುವು. ಅಂತಹ ಹಳೆಯ ಸಾಮಾನುಗಳು ಶಿವಾಜಿನಗರದ ಅಂಗಡಿಗಳಲ್ಲಿ ಇಂದಿಗೂ ಮಾರಾಟಕ್ಕೆ ಬರುವುದುಂಟು. ಕೃಷ್ಣರಾಜಪುರದ ಕಡೆಯ ಹಳೆಯ ಮನೆತನಗಳಲ್ಲಿಯೂ ಹಿರಿಯರ ಕಾಲದ ಕುರ್ಚಿ, ಪೆಟ್ಟಿಗೆ, ಬೀರುಗಳು ಉಳಿದಿರುವುದುಂಟು. ಕಾಲು ಅಲುಗಿದೊಡನೆ ಕಬ್ಬಿಣದ ಮೊಳೆ ಹೊಡೆಯುವುದೂ, ಹೊಳಪು ಮಾಸಿದೊಡನೆ ಎಣ್ಣೆಬಣ್ಣ ಬಳಿಯುವುದೂ ಸಾಮಾನ್ಯ ವಾಡಿಕೆ. ಇವೆರಡೂ ಹಾನಿಕರವಾದುವು. ಮುಂದೆ ದುರಸ್ತು ಮಾಡುವವನು ಸುಲಭವಾಗಿ ಬಿಚ್ಚಲಾರದ ಯಾವುದನ್ನೂ ಹಳೆಯ ಮರಕ್ಕೆ ಸೇರಿಸಕೂಡದೆಂಬುದೇ ಈ ಕೆಲಸದ ಮುಖ್ಯ ಸೂತ್ರ.

ಪರೀಕ್ಷೆ: ಮರದಲ್ಲಿ ಸಾಸುವೆಗಾತ್ರದ ತೂತುಗಳಿದ್ದರೆ ಅದರ ಕೆಳಗೆ ಕಪ್ಪು ಕಾಗದವನ್ನು ಹರಡಿ ಕೆಲವು ದಿನ ನೋಡಬೇಕು. ಹಿಟ್ಟಿನಂತಹ ಪುಡಿ ಹೊಸದಾಗಿ ಉದುರಿದರೆ ಒಳಗೆ ಹುಳು ಜೀವಂತವಾಗಿದೆಯೆಂದು ತಿಳಿದು, ಆ ಸಾಮಾನನ್ನು ಮಿಕ್ಕವುಗಳಿಂದ ಬೇರೆಯಿಟ್ಟು, ಹುಳುವನ್ನು ನಿವಾರಿಸಿದ ಮೇಲೆಯೇ ಮುಂದಿನ ಕೆಲಸಕ್ಕೆ ತೊಡಗತಕ್ಕದ್ದು. ಬಳಿಕ ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಮೆಥಿಲೇಟೆಡ್ ಸ್ಪಿರಿಟ್ಟಿನ ಒಂದು ತೊಟ್ಟನ್ನು ಹಾಕಬೇಕು. ಮೇಲಿನ ಪೊರೆಯು ಮೆತ್ತಗಾಗಿ ಅಂಟಿಕೊಂಡರೆ ಅದು ಅರಗಿನ ಮೆರುಗು. ಅದನ್ನು ಹೆರೆದು ತೆಗೆಯುವ ಅವಶ್ಯಕತೆಯಿಲ್ಲ.

ಸಂದುಗಳು: ಮರವು ಮಳೆಗಾಲದಲ್ಲಿ ಅಡ್ಡಕ್ಕೆ ಉಬ್ಬಿ ಬೇಸಗೆಯಲ್ಲಿ ಕುಗ್ಗುತ್ತದೆ. ಮೊಳೆಯು ಅದರೊಡನೆ ಉಬ್ಬಿ ಕುಗ್ಗದು. ಆದುದರಿಂದ ಹಲಗೆಯು ಸೀಳುತ್ತದೆ, ತುಕ್ಕಿನಿಂದ ಕಪ್ಪಾಗುತ್ತದೆ. ಹಳೆಯ ಬಡಗಿಗಳು ಬಳಸುತ್ತಿದ್ದುದು ವಜ್ರವೆನ್ನುವ, ಚರ್ಮ ಮೂಳೆಗಳಿಂದ ತೆಗೆದ ಅಂಟು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸಂದಿಗೆ ಸುತ್ತಿದರೆ ಅದು ಸಡಿಲವಾಗುವುದು. ಹಳೆಯ ಅಂಟನ್ನೆಲ್ಲ ಒರೆಸಿ ಮರವನ್ನು ಆರಿಸಬೇಕು. ಹೊಸ ವಜ್ರವನ್ನು ರಾತ್ರಿಯೆಲ್ಲ ತಣ್ಣೀರಿನಲ್ಲಿ ನೆನೆಯಿಟ್ಟು, ಆ ಪಾತ್ರೆಯನ್ನು ಬಿಸಿನೀರಿರುವ ಬೇರೊಂದು ಪಾತ್ರೆಯೊಳಗಿಟ್ಟು ಕರಗಿಸಬೇಕು. ಕುದಿಸಿದರೆ ಅದರ ಬಲವು ಕುಂದುತ್ತದೆ. ಬಿಸಿಯಾಗಿರುವಾಗಲೇ ಹಚ್ಚಿ, ಸಂದನ್ನು ಕೂಡಿಸಿ, ಕಾಲುಗಳ ಸುತ್ತ ಹಗ್ಗ ಬಿಗಿದು, ನಡುವೆ ಕೋಲು ತೂರಿಸಿ ತಿರುಚಿ, ಸಮನೆಲದ ಮೇಲೆ 24 ಗಂಟೆಗಳ ಕಾಲ ಬಿಡಬೇಕು. ಜೋಲುಬಿದ್ದ ಬೆತ್ತದ ಹೆಣಿಗೆಯನ್ನು ಕೆಳಗಿನಿಂದ ಬಿಸಿನೀರಿನಲ್ಲಿ ನೆನಸಿ ಆರಲು ಬಿಟ್ಟರೆ, ಹರಿಯದಿದ್ದ ಪಕ್ಷದಲ್ಲಿ, ಅದು ಮತ್ತೆ ಬಿಗಿಯಾಗುವುದು.

ಮೆರುಗು: ಅರಗು ಈ ಸೀಮೆಗೆ ಹೊಸದಲ್ಲ. ಬೆಂಗಳೂರು ಸುತ್ತಿನ ಕಾಡುಗಳ ಜಾಲಾರಿ ಮರದ ಮೇಲೆ ಅರಗಿನ ಹುಳು ಬಾಳುತ್ತದೆ; ಚನ್ನಪಟ್ಟಣದ ಬೊಂಬೆಗಳ ಹೊಳಪೂ ಅರಗಿನದೇ. ಒಂದು ಲೀಟರು ಸ್ಪಿರಿಟ್ಟಿಗೆ ಸುಮಾರು 150 ಗ್ರಾಂ ಚಪ್ಪಡಿ ಅರಗನ್ನು ಗಾಜಿನ ಸೀಸೆಯಲ್ಲಿ ಹಾಕಿ, ಬಿರಟೆ ಮುಚ್ಚಿ, ಆಗಾಗ್ಗೆ ಅಲುಗಿಸಿ, ಮರುದಿನ ಶೋಧಿಸಬೇಕು. ಕಬ್ಬಿಣದ ಪಾತ್ರೆಯಲ್ಲಿ ಅದು ಕಪ್ಪಾಗುವುದು. ಮರದ ಧೂಳನ್ನೂ ಜಿಡ್ಡನ್ನೂ ಒರೆಸಿ, ನಯವಾದ ಉಪ್ಪುಕಾಗದದಿಂದ ಎಳೆಯ ಉದ್ದಕ್ಕೆ ಮಾತ್ರ ಹಗುರವಾಗಿ ಉಜ್ಜಬೇಕು. ಹತ್ತಿಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ, ಅದಕ್ಕೆ ಅರಗಿನ ದ್ರವವನ್ನು ಕುಡಿಸಿ, ತೆಳುವಾಗಿ ಎಳೆಯಬೇಕು. ಒಂದು ಲೇಪವು ಚೆನ್ನಾಗಿ ಒಣಗದೆ ಮತ್ತೊಂದನ್ನು ಹಚ್ಚಕೂಡದು. ಮಳೆಯ ದಿನ ಹಚ್ಚಿದ ಅರಗು ಬೆಳ್ಳಗಾಗುವುದರಿಂದ ಒಣಹವೆಯ ದಿನವನ್ನೇ ಆರಿಸಿಕೊಳ್ಳುವುದು ಲೇಸು. ಊಟದ ಮೇಜಿನ ಬಿಸಿಪಾತ್ರೆಗಳನ್ನು ಅರಗು ತಾಳದು. ಅಲ್ಲಿಗೆ ಅಗಸೆ ಎಣ್ಣೆಯೇ ಮೇಲು.

ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಇಟ್ಟರೆ ತಾವಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವುದುಂಟು. ಅವನ್ನು ಬಯಲಿನಲ್ಲಿ ಹರಡಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಬೇಕು. ಸ್ಪಿರಿಟ್ಟನ್ನು ಒಲೆ ದೀಪಗಳ ಬಳಿಗೆ ತರಕೂಡದು. ಅದರಲ್ಲಿ ಬೆರೆಸುವ ಮಿಥೈಲ್ ಮದ್ಯಸಾರವು ಕಡು ವಿಷ. ಅಂತಹ ವಿಷ ಬೆರೆತ ಮದ್ಯವನ್ನು ಕುಡಿದು 1981 ಮತ್ತು 2008 ರಲ್ಲಿ ಬೆಂಗಳೂರು ಸೀಮೆಯಲ್ಲಿ ನೂರಾರು ಜನರು ಮಡಿದರು. ಆದುದರಿಂದ ಕೆಲಸ ಮುಗಿದೊಡನೆ ಉಳಿದ ಸ್ಪಿರಿಟ್ಟಿನ ಸೀಸೆಗೆ ವಿಷವೆಂದು ಚೀಟಿ ಅಂಟಿಸಿ, ಬೀಗದೊಳಗಿಟ್ಟು, ಬೀಗದ ಕೈಯನ್ನು ಮನೆಯ ಯಜಮಾನನು ತನ್ನ ಬಳಿಯಲ್ಲಿಯೇ ಇರಿಸಿಕೊಳ್ಳತಕ್ಕದ್ದು. ಆಳುಕಾಳುಗಳಿಗೂ ಮಕ್ಕಳಿಗೂ ಈ ವಿಷಯವನ್ನು ತಿಳಿಯಹೇಳುವುದು ಗ್ರಾಮದ ಮುಖಂಡರ ಕರ್ತವ್ಯವಾಗಿದೆ.