ಮನೆ ಬಿಟ್ಟು ಹೋಗುವ ಮಕ್ಕಳು: ಪಾಲಕರಿಗೆ ಕೆಲವು ವಿಚಾರಗಳು

ಮದುವೆಯ ಮನೆಯಲ್ಲಿ ಕಾಶೀಯಾತ್ರೆಯ ಶಾಸ್ತ್ರ ಎಲ್ಲರನ್ನೂ ನಗಿಸುತ್ತದೆ. ವರನು ಕೊಡೆ ಹಿಡಿದು ಸಂಸಾರವೇ ಬೇಡವೆಂದು ಹೊರಡುತ್ತಾನೆ. ಕನ್ಯಾಪಿತೃವು ಅಡ್ಡಬಂದು, ಉಪಚರಿಸಿ, ಹಿಂದಕ್ಕೆ ಕರೆತರುತ್ತಾನೆ. ಕರೆಯುವವರಿದ್ದಾರೆಂಬ ಭರವಸೆಯೇ ಆ ನಗುವಿಗೆ ಆಧಾರ. ಹದಿಹರೆಯದ ಬಾಲಕನೋ ಬಾಲಕಿಯೋ ನಿಜವಾಗಿ ಮನೆ ಬಿಟ್ಟು ರೈಲು ಹತ್ತಿದಾಗ ಆ ಭರವಸೆ ಇರುವುದಿಲ್ಲ.

ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರನಾಗ್ ನಿರ್ದೇಶಿಸಿದ, ಆಗುಂಬೆಯಲ್ಲಿ ಚಿತ್ರಿತವಾದ 'ಮಾಲ್ಗುಡಿ ಡೇಸ್' ಧಾರಾವಾಹಿ 1986ರಲ್ಲಿ ದೂರದರ್ಶನದಲ್ಲಿ ಮೂಡಿಬಂದಿತು. ಅದರ ಬಾಲನಾಯಕ ಸ್ವಾಮಿಯ ಕಥೆ ಬಹುಮಟ್ಟಿಗೆ ಹಾಸ್ಯಮಯ. ಮುಖ್ಯೋಪಾಧ್ಯಾಯರ ಬೆತ್ತಕ್ಕೂ ತಂದೆಯ ಕೋಪಕ್ಕೂ ಹೆದರಿ ಅವನು ಊರು ಬಿಡುತ್ತಾನೆ, ಕತ್ತಲೆಯ ಕಾಡಿನಲ್ಲಿ ದಾರಿ ತಪ್ಪಿ ಮೂರ್ಛೆ ಹೋಗುತ್ತಾನೆ. ಗಾಡಿಯವನೊಬ್ಬನ ಕಣ್ಣಿಗೆ ಬಿದ್ದುದರಿಂದ ಅವನು ಮನೆ ಸೇರಿದ. ಓಡಿಹೋದ ಮಗುವಿಗೆ ಮೊದಲು ಎದುರಾಗುವವರು ಯಾರು ಎಂಬುದರ ಮೇಲೆ ಅದರ ಭವಿಷ್ಯವೇ ನಿಂತಿರುತ್ತದೆ.

ಕಾರಣಗಳು

ಹದಿಹರೆಯದಲ್ಲಿ ಭಾವನೆಗಳನ್ನು ಕೆರಳಿಸುವ ಮೆದುಳಿನ ಭಾಗಗಳು ಬೇಗ ಬಲಿಯುತ್ತವೆ. ಮುಂದಾಲೋಚನೆಯನ್ನು ನಿಯಂತ್ರಿಸುವ ಮುಂಭಾಗವು ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಿರುತ್ತದೆ. ಆದುದರಿಂದ ಪರೀಕ್ಷೆಯ ಸೋಲು, ಎಲ್ಲರೆದುರಿನ ಅವಮಾನ, ಒಂದು ಪೆಟ್ಟು ಇವು ಹಿರಿಯರಿಗೆ ಕ್ಷುಲ್ಲಕವೆನಿಸಿದರೂ ಮಕ್ಕಳಿಗೆ ಹಾಗಲ್ಲ. ಕುಡಿತ, ಹೊಡೆತ, ಲೈಂಗಿಕ ದೌರ್ಜನ್ಯ, ಬಲವಂತದ ಮದುವೆಗಳಿಂದ ಪಾರಾಗಲು ಓಡುವವರೂ ಇದ್ದಾರೆ. ಅಂಥವರ ಓಟ ಹುಡುಗಾಟವಲ್ಲ, ಆತ್ಮರಕ್ಷಣೆ.

ಕಾಶಿಯಲ್ಲಿ

ವಾರಾಣಸಿ ದೊಡ್ಡ ರೈಲ್ವೆ ಜಂಕ್ಷನ್. ಗಂಗೆಯ ಆಚೆಗಿರುವ ಮೊಗಲ್‌ಸರಾಯ್ (2018ರಿಂದ ಪಂಡಿತ್ ದೀನ್‌ದಯಾಳ್ ಉಪಾಧ್ಯಾಯ) ಜಂಕ್ಷನ್ ಸಹ ಅಷ್ಟೇ ದಟ್ಟಣೆಯದು. ಅನ್ನಸತ್ರಗಳಲ್ಲಿ ಊಟ, ಘಾಟ್‌ಗಳ ಮೆಟ್ಟಿಲ ಮೇಲೆ ನಿದ್ದೆ ದೊರೆಯುವ ಊರಿನಲ್ಲಿ, ಯಾತ್ರಿಕರ ಸಂದಣಿಯ ನಡುವೆ, ಒಂಟಿ ಮಗುವನ್ನು ಗುರುತಿಸುವುದು ಕಷ್ಟ. ಹೊಟ್ಟೆ ತುಂಬಿದರೂ ಅಪಾಯ ತಪ್ಪುವುದಿಲ್ಲ. ಕಜ್ಜಿ, ಭೇದಿ, ಕ್ಷಯಗಳ ಭಯ ಒಂದು ಕಡೆ; ಕೆಲಸದ ಆಸೆ ತೋರಿಸಿ ಕರೆದೊಯ್ಯುವವರ ಭಯ ಇನ್ನೊಂದು ಕಡೆ. ನಿಲ್ದಾಣದ ಮಕ್ಕಳು ಹಸಿವು, ಚಳಿ ಮರೆಯಲು ಅಂಟುದ್ರಾವಣವನ್ನು ಬಟ್ಟೆಯಲ್ಲಿ ನೆನೆಸಿ ಮೂಸುವುದುಂಟು. ಅದರಲ್ಲಿನ ಟಾಲ್ಯೂಯೀನ್ ಮುಂತಾದ ರಾಸಾಯನಿಕಗಳು ನರಗಳನ್ನು ಕೆಡಿಸುತ್ತವೆ. ಹೃದಯದ ಲಯ ತಪ್ಪಿಸಿ ಹಠಾತ್ ಮರಣವನ್ನೂ ತರಬಲ್ಲವು.

ಹನುಮಾನ್ ಘಾಟ್, ಜಂಗಮವಾಡಿ ಮಠಗಳ ಬಳಿ ಕನ್ನಡದ ದನಿ ಕಿವಿಗೆ ಬೀಳುತ್ತದೆ. ಅಲ್ಲಿ ಒಂಟಿಯಾಗಿ ಅಲೆಯುವ ಮಗುವನ್ನು ಅದರ ಭಾಷೆಯಲ್ಲಿ ಮಾತನಾಡಿಸುವ ಯಾತ್ರಿಕನೇ ಸ್ವಾಮಿಯ ಗಾಡಿಯವನಾಗಬಲ್ಲನು.

ಮಾಡಬೇಕಾದುದು

ಮಗು ಕಾಣೆಯಾದರೆ 24 ಗಂಟೆ ಕಾಯಬೇಕೆಂಬುದು ತಪ್ಪು ಕಲ್ಪನೆ. ಕಾಣೆಯಾದ ಮಕ್ಕಳ ವಿಷಯದಲ್ಲಿ ಪೊಲೀಸರು ಮೊಕದ್ದಮೆ ದಾಖಲಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಆದೇಶಿಸಿದೆ. ಇತ್ತೀಚಿನ ಭಾವಚಿತ್ರ, ತೊಟ್ಟ ಉಡುಪಿನ ವಿವರ, ಗೆಳೆಯರ ಹೆಸರುಗಳೊಡನೆ ತಕ್ಷಣ ಠಾಣೆಗೆ ಹೋಗಬೇಕು. ಒಂಟಿ ಮಗುವನ್ನು ಕಂಡವರು 1098 ಸಂಖ್ಯೆಗೆ ಕರೆ ಮಾಡಬಹುದು; ಈ ಸಹಾಯವಾಣಿ 1996ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. 2015ರ ಬಾಲನ್ಯಾಯ ಕಾಯಿದೆಯಂತೆ ದೊರೆತ ಮಗುವನ್ನು, ಪ್ರಯಾಣದ ಅವಧಿಯನ್ನು ಬಿಟ್ಟು, 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮನೆಯೇ ಅಪಾಯದ ತಾಣವೋ ಎಂಬುದನ್ನು ವಿಚಾರಿಸುವುದೂ ಸಮಿತಿಯ ಕರ್ತವ್ಯ.

ಮರಳಿದ ಮೇಲೆ

ಮರಳಿದ ದಿನ ವಿಚಾರಣೆ ಬೇಡ. ಸ್ನಾನ, ಊಟ, ನಿದ್ರೆ, ಅನಂತರ ವೈದ್ಯರ ತಪಾಸಣೆ. ಮಗು ತಾನಾಗಿ ಹೇಳಿದಷ್ಟನ್ನು ತಾಳ್ಮೆಯಿಂದ ಕೇಳಬೇಕು. ನೆಂಟರೆದುರು ಹಾಸ್ಯಮಾಡುವುದು ಹೊಡೆತಕ್ಕಿಂತ ಕ್ರೂರ. ನಿದ್ದೆಗೇಡು, ಮೌನ, ಸಾವಿನ ಮಾತು ಕಂಡುಬಂದರೆ ಮನೋವೈದ್ಯರನ್ನು ಕಾಣಲು ನಾಚಿಕೆಪಡಬಾರದು.

ದುಡಿಮೆಗಾಗಿ ಊರು ಬಿಟ್ಟು ಮಹಾನಗರ ಸೇರಿದ ಮನೆಗಳಲ್ಲಿ ಅಜ್ಜ, ಅಜ್ಜಿ, ಸೋದರಮಾವಂದಿರು ಹತ್ತಿರವಿರುವುದಿಲ್ಲ. ಮುನಿಸಿಕೊಂಡ ಮಗು ಹೋಗಿ ಕೂರಲು ಪಕ್ಕದ ಬೀದಿಯಲ್ಲಿ ಇನ್ನೊಂದು ಮನೆ ಇಲ್ಲದಿದ್ದಾಗ ಅದಕ್ಕೆ ರೈಲೇ ಹತ್ತಿರವಾಗುತ್ತದೆ. ಆ ಇನ್ನೊಂದು ಮನೆಯ ಬಾಗಿಲನ್ನು ತೆರೆದಿಡುವ ಕೆಲಸವನ್ನು ಕನ್ನಡ ಸಂಘಗಳ ಹಿರಿಯರು ವಹಿಸಿಕೊಳ್ಳಬಹುದು.